ಎರಡು ಬೀಗದ ಕೋಣೆಯಲ್ಲಿ ಒಂದು ಮೂಟೆ ಅವರೆಕಾಯಿ

ನಟರಾಜು ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿಯಾದದ್ದು ಹಲ್ಲುನೋವಿನಿಂದ. ಸಭೆಯ ದಿನ ಅವನ ಎಡಗೆನ್ನೆ ಊದಿಕೊಂಡಿತ್ತು. "ಸೆಕ್ರೆಟ್ರಿಯಾಗಿ ಪಾರ್ಸೆಲ್ ಕೋಣೆ ಜವಾಬ್ದಾರಿ ಯಾರು ವಹಿಸ್ಕತೀರಪ್ಪಾ?" ಎಂದು ಅಧ್ಯಕ್ಷ ಮುನಿಶಾಮಯ್ಯನವರು ಕೇಳಿದಾಗ ಉಳಿದವರೆಲ್ಲ ಬಾಯಿಬಿಟ್ಟು ತಮಗಾಗುವುದಿಲ್ಲ ಎಂದರು. ಬಾಯಿ ಬಿಡಲಾಗದವನು ನಟರಾಜು ಒಬ್ಬನೇ. ಹಾಗಾಗಿ ಚಪ್ಪಾಳೆ ಅವನಿಗೇ ಬಿತ್ತು.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದ ಮೇಲೆ ರಾಮನಗರಕ್ಕೂ ಅಪಾರ್ಟ್‌ಮೆಂಟು ಎಂಬುದು ಬಂದಿತ್ತು. ಹಿಪ್ಪುನೇರಳೆ ತೋಟವಿದ್ದ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ. ಮೆಟ್ಟಿಲ ಕೆಳಗೆ ಸರಳು ಕಿಟಕಿಯ ಒಂದು ಪುಟ್ಟ ಕೋಣೆ. ಮನೆಯವರೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಕೊರಿಯರಿನವರು, ಬಸ್ಸಿನವರು ತಂದ ಪಾರ್ಸೆಲುಗಳೆಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಬಿದ್ದವು ಇತ್ತೀಚೆಗೆ ಏಳುತ್ತಿದ್ದವು. ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ಇಟ್ಟಿದ್ದ ಮೆಹಬೂಬನಿಗೆ ಬರಬೇಕಿದ್ದ ಬಣ್ಣದ ಡಬ್ಬ ಹೋಯಿತು. ಮುನಿಶಾಮಯ್ಯನವರ ಹೆಂಡತಿ ವೆಂಕಟಲಕ್ಷ್ಮಮ್ಮನ ತುಪ್ಪದ ಡಬ್ಬಿ ಹೋಯಿತು. ಹೋದದ್ದು ಸಾಲದೆಂಬಂತೆ, ಎದುರು ಮನೆಯ ಒಗ್ಗರಣೆಯಲ್ಲಿ ತಮ್ಮ ತುಪ್ಪದ ಘಮವಿದೆಯೇ ಎಂದು ಆಕೆ ಬಾಗಿಲಲ್ಲಿ ನಿಂತು ಉಸಿರೆಳೆದುಕೊಳ್ಳುವುದು ಶುರುವಾಯಿತು. ಕಾವಲುಗಾರ ಅಂಕಯ್ಯನನ್ನು ಕೇಳಿದರೆ, "ನಾನು ಕಣ್ಣು ಮುಚ್ಕಂಡಿದ್ರೂ ಕಿವಿ ತೆರ್ಕಂಡೇ ಇರ್ತೀನಿ ಸಾಮಿ" ಎಂದುಬಿಡುತ್ತಿದ್ದ.

ನಟರಾಜು ಬಿಡದಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಹಲ್ಲುನೋವು ಇಳಿದ ಮೇಲೆ ಅವನಿಗೆ ಹೊಸ ಹುದ್ದೆಯ ಹುಮ್ಮಸ್ಸು ಏರಿತು. "ನಮ್ ಸ್ಟೋರಿಂದ ಒಂದು ನಟ್ಟು ಆಚೆ ಹೋಗ್ಬೇಕಾದ್ರೂ ಗೇಟ್ ಪಾಸ್ ಬೇಕು. ಇನ್ನು ಈ ಕೋಣೆ ಯಾವ ಲೆಕ್ಕ?" ಎಂದವನೇ ಒಂದು ಬಾಗಿಲಿಗೆ ಎರಡು ಬೀಗ ಜಡಿಸಿದ. ಒಂದರ ಕೀಲಿಕೈ ಅವನ ಬಳಿ, ಇನ್ನೊಂದರದು ಅಧ್ಯಕ್ಷರ ಬಳಿ. ಇಬ್ಬರೂ ಕೂಡಿ ಬಂದರೇ ಬಾಗಿಲು ತೆಗೆಯುವುದು. ಯಾರ ಪಾರ್ಸೆಲ್ ಬಂದರೂ ಮೊದಲು ಕೋಣೆಗೆ, ಸಂಜೆ ಇಬ್ಬರ ಎದುರಿಗೆ ಹಂಚಿಕೆ. "ಇನ್ಮೇಲೆ ಇಲ್ಲಿಂದ ಒಂದು ಕಡ್ಡಿ ಕಳುವಾದ್ರೆ ನನ್ನ ಹೆಸರು ಬದಲಾಯಿಸಿ" ಎಂದು ಮೀಸೆ ತಿರುವಿದ.

ಹೊಸ ವರ್ಷದ ಮೊದಲ ದಿನ ಬೆಳಗ್ಗೆ ಫೋನು ಬಂತು. ಮಾಗಡಿ ಕಡೆಯ ಕಲ್ಯದಿಂದ ಅತ್ತೆ ಕೆಂಚಮ್ಮ.

"ಅಳಿಯಂದ್ರೇ, ಮಾಗಡಿ ಬಸ್ಸಿಗೆ ಒಂದ್ ಮೂಟೆ ಅವರೆಕಾಯಿ ಹಾಕ್ಸಿವ್ನಿ. ಮಂಜು ಬಿದ್ದು ಸೊಗಡು ಅಂಗೇ ಸುರೀತಾ ಐತೆ. ಬಸುರಿ ಹುಡ್ಗಿ, ಹಿದುಕಿದ ಬೇಳೆ ಸಾರು ಅಂತ ದಿನಾ ಜೀವ ತಿಂತಾವ್ಳೆ. ನಾನೇ ಬರಾನ ಅಂದ್ರೆ ಹಸ ಈಯಂಗೈತೆ. ಒಸಿ ಜೋಪಾನ."

"ನೀವು ಯೋಚ್ನೆ ಬಿಡಿ ಅತ್ತೆ. ಸೌಮ್ಯಂಗೆ ಏನೂ ಹೇಳ್ಬೇಡಿ, ಸಂಜೆ ನಾನೇ ಅವಳ ಮುಂದೆ ತಂದು ಸುರೀತೀನಿ" ಎಂದ ನಟರಾಜು.

ಅವನಿಗೂ ಬಾಯಲ್ಲಿ ನೀರೂರಿತು. ರಾಗಿಮುದ್ದೆಯ ಪಕ್ಕದಲ್ಲಿ ಆ ಸಾರನ್ನು ನೋಡಿ ಒಂದು ವರ್ಷವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಹೊಟ್ಟೆ ಹೊತ್ತುಕೊಂಡು ಮೂರನೆಯ ಅಂತಸ್ತು ಹತ್ತಿ ಇಳಿದು ಬಸವಳಿದಿದ್ದ ಹೆಂಡತಿಯ ಮುಖ ಆ ಕಾಯಿ ಕಂಡಾಗ ಹೇಗೆ ಅರಳುತ್ತದೆಂದು ನೆನೆದು ಅವನ ಎದೆ ತುಂಬಿ ಬಂತು. ಇದೊಂದು ಬಯಕೆಯನ್ನು ತೀರಿಸದಿದ್ದರೆ ತಾನೆಂಥ ಗಂಡ ಎಂದುಕೊಂಡ.

ಬಸ್ಸು ಬಂತು, ಮೂಟೆ ಇಳಿಯಿತು. ಅಂಕಯ್ಯನೂ ಅವನೂ ಹೊತ್ತು ತಂದರು. ಬೆಳಗಿನ ಪಾಳಿಯ ಕಂಪನಿ ಬಸ್ಸಿನ ಹಾರನ್ ಕೇಳಿಸುತ್ತಿತ್ತು. ಮೂಟೆಯನ್ನು ಮೆಟ್ಟಿಲ ಕಡೆ ತಿರುಗಿಸುವಷ್ಟರಲ್ಲಿ ಮುನಿಶಾಮಯ್ಯನವರು ಇಸ್ತ್ರಿ ಪಂಚೆಯುಟ್ಟು ಇಳಿದು ಬಂದರು. ಕನಕಪುರದಲ್ಲಿ ಮೊಮ್ಮಗನ ನಾಮಕರಣಕ್ಕೆ ಹೊರಟಿದ್ದರು.

"ಏನಯ್ಯಾ ನಟರಾಜು, ಸೀದಾ ಮನೆಗಾ? ಸೆಕ್ರೆಟ್ರಿನೇ ರೂಲ್ಸು ಮುರುದ್ರೆ ಮಿಕ್ಕೋರು ಕೇಳ್ತಾರೇನಯ್ಯಾ?"

ನಟರಾಜುವಿಗೆ ನಾಚಿಕೆಯಾಯಿತು. ಮೂಟೆ ಕೋಣೆಗೆ ಹೋಯಿತು. ಎರಡು ಬೀಗವೂ ಬಿದ್ದವು. ಅಂಕಯ್ಯ ಮೂಗರಳಿಸಿ, "ಮಾಗಡಿ ಅವರೆ ಅಲ್ವಾ ಸಾಮಿ? ಇದ್ರ ವಾಸ್ನೆಗೂ ಬೀಗ ಜಡ್ದಿದ್ರೆ ಚೆಂದಾಗಿತ್ತು" ಎಂದ. ಒಂದು ಕೀಲಿಕೈ ಕನಕಪುರದ ಬಸ್ಸು ಹತ್ತಿತು, ಇನ್ನೊಂದು ಬಿಡದಿಯ ಬಸ್ಸು ಹತ್ತಿತು.

ಕಾರ್ಖಾನೆಯಲ್ಲಿ ಅವತ್ತು ವರ್ಷದ ಸ್ಟಾಕ್ ಎಣಿಕೆ. ಬೋಲ್ಟು ಎಣಿಸುತ್ತ ಎಣಿಸುತ್ತ ಅವನಿಗೆ ಎಲ್ಲವೂ ಅವರೆಕಾಳಿನಂತೆ ಕಾಣತೊಡಗಿದವು. ಎರಡು ಸಲ ಲೆಕ್ಕ ತಪ್ಪಿ ಮೇಲಿನವರಿಂದ ಬೈಸಿಕೊಂಡ. ಮೊಬೈಲು ಲಾಕರಿನಲ್ಲೇ ಇತ್ತು. ಮಧ್ಯಾಹ್ನ ಕಳೆದ ಮೇಲೆ ಬಿಡುವಾಗಿ, ಬಸ್ಸಿನಿಂದಿಳಿದು ಓಡುವ ನಡಿಗೆಯಲ್ಲಿ ಬಂದವನು ಮೊದಲು ಕೋಣೆಯ ಕಿಟಕಿಗೆ ಮುಖವಿಟ್ಟ.

ಮೂಟೆ ಇರಲಿಲ್ಲ.

ಬಾಗಿಲಿಗೆ ಬಂದು ನೋಡಿದ. ಎರಡು ಬೀಗವೂ ಇದ್ದಂತೆಯೇ ಇದ್ದವು. ಜಗ್ಗಿ ನೋಡಿದ, ಜಗ್ಗಲಿಲ್ಲ. ಮತ್ತೆ ಕಿಟಕಿಗೆ ಹೋಗಿ ಈ ಕಣ್ಣಿನಿಂದ ಒಮ್ಮೆ, ಆ ಕಣ್ಣಿನಿಂದ ಒಮ್ಮೆ ನೋಡಿದ. ಗೋಣಿಚೀಲದ ಒಂದು ನಾರೂ ಇಲ್ಲದ ಹಾಗೆ ಕೋಣೆ ಗುಡಿಸಿಟ್ಟಂತಿತ್ತು.

"ಅಂಕಯ್ಯಾ! ಈ ಬೀಗ ಯಾರು ಮುಟ್ಟಿದ್ರು?"

ಅಂಕಯ್ಯ ಕುರ್ಚಿಯಲ್ಲಿ ಕದಲಿ, ಅದೇಕೋ ಮುಸಿಮುಸಿ ನಕ್ಕು, "ಬೀಗಾನಾ? ನಮ್ಮಪ್ಪನಾಣೆ, ಬೀಗ ಯಾರೂ ಮುಟ್ಟಿಲ್ಲ ಸಾಮಿ" ಎಂದ. ಆ ನಗು ನಟರಾಜುವಿಗೆ ಕಿಂಚಿತ್ತೂ ಹಿಡಿಸಲಿಲ್ಲ.

ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಕೂಗಿತು. ಸೌಮ್ಯ. ಕಟ್ ಮಾಡಿದ. ಮತ್ತೆ ಕೂಗಿತು, ಮತ್ತೆ ಕಟ್ ಮಾಡಿದ. ಕಾಯಿ ಕೈಗೆ ಸಿಗುವ ತನಕ ಅವಳಿಗೆ ಯಾವ ಮುಖ ತೋರಿಸುವುದು? ಅತ್ತೆ ಜೋಪಾನ ಎಂದು ಒತ್ತಿ ಹೇಳಿದ್ದರು. ಊರಿಗೆಲ್ಲ ಬೀಗ ಹಾಕಿಸಿದವನ ಸ್ವಂತ ಮೂಟೆಯೇ ಬೀಗದೊಳಗಿಂದ ಮಾಯವಾಗುವುದೆಂದರೆ!

ಮೆಟ್ಟಿಲ ಮೇಲೆ ಕೂತು ತಲೆ ಕೆರೆದುಕೊಂಡ. ಆಗ ಅವನಿಗೊಂದು ಉಪಾಯ ಹೊಳೆಯಿತು. ಮಾಗಡಿ ಅವರೆಯ ಸೊಗಡು ಬೆರಳಿಗೆ ಹತ್ತಿತೆಂದರೆ ಸೋಪು ಹಾಕಿದರೂ ಅಷ್ಟು ಬೇಗ ಬಿಡುವುದಿಲ್ಲ. ಕದ್ದವನು ಮೂಟೆಯನ್ನು ನೋಡುತ್ತ ಕೂರುತ್ತಾನೆಯೇ? ಬಿಚ್ಚಿ ಸುಲಿದೇ ಸುಲಿದಿರುತ್ತಾನೆ. ಹೇಗೂ ಹೊಸ ವರ್ಷ, ಯಾರ ಮನೆಗೆ ಹೋಗಿ ಕೈ ಕುಲುಕಿದರೂ ಯಾರೂ ಯಾಕೆಂದು ಕೇಳುವುದಿಲ್ಲ. ಪೊಲೀಸರಿಗೂ ಹೊಳೆಯದ ದಾರಿ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು ಎದ್ದ.

ಮೊದಲು ಮೆಹಬೂಬನ ಮನೆ.

"ಹ್ಯಾಪಿ ನ್ಯೂ ಇಯರ್ ಮೆಹಬೂಬ್!"

"ಓಹೋ ನಟರಾಜಣ್ಣ! ಬನ್ನಿ ಬನ್ನಿ, ನಿಮ್ಗೂ ಹ್ಯಾಪಿ."

ನಟರಾಜು ಆ ಕೈಯನ್ನು ಹಿಡಿದವನು ಬಿಡಲೇ ಇಲ್ಲ. ವರ್ಷವಿಡೀ ಒಳ್ಳೆಯದಾಗಲಿ, ವ್ಯಾಪಾರ ಕುದುರಲಿ, ಮಳೆ ಬೆಳೆ ಚೆನ್ನಾಗಿ ಆಗಲಿ ಎಂದೆಲ್ಲ ಹಾರೈಸುತ್ತ ತಿಕ್ಕಿ ತಿಕ್ಕಿ ಕುಲುಕಿ, ಆಮೇಲೆ ಮೂಗು ತುರಿಸಿಕೊಳ್ಳುವ ನೆಪದಲ್ಲಿ ತನ್ನ ಅಂಗೈಯನ್ನು ಮೂಸಿದ. ಸೊಗಡು! ಗಮ್ಮೆನ್ನುವ ಸೊಗಡು! ಒಳಗಿಂದ ಮೆಹಬೂಬನ ಹೆಂಡತಿ ಶರ್ಫುನ್ನೀಸಾ ಕಿಸಕ್ಕೆಂದಳು. ಮೆಹಬೂಬನೂ ತುಟಿ ಕಚ್ಚಿಕೊಂಡು ಗೋಡೆಯ ಕಡೆ ನೋಡಿದ. ಕದ್ದದ್ದೂ ಅಲ್ಲದೆ ನಗು ಬೇರೆ ಎಂದು ನಟರಾಜು ಒಳಗೊಳಗೇ ಕುದಿದ.

ಆದರೆ ಒಂದೇ ಸಾಕ್ಷಿಯಿಂದ ತೀರ್ಮಾನ ಮಾಡಬಾರದೆಂಬುದು ಸ್ಟೋರಿನ ಶಿಸ್ತು. ಎದುರು ಮನೆಯ ಬಾಗಿಲು ಬಡಿದ. ಅಲ್ಲಿದ್ದವನು ಅವನದೇ ಕಂಪನಿಯ ರಾತ್ರಿ ಪಾಳಿಯ ಫಿಟ್ಟರು. ಕೈ ಚಾಚುವಷ್ಟರಲ್ಲಿ, ತನ್ನ ಬಲಗೈಗೆ ಆಗಲೇ ಮೆಹಬೂಬನ ಸೊಗಡು ಹತ್ತಿದೆಯಲ್ಲ ಎಂದು ನೆನಪಾಗಿ ಎಡಗೈ ನೀಡಿದ. ಫಿಟ್ಟರು, "ಯಾಕಣ್ಣ, ಬಲಗೈಗೆ ಏಟಾಯ್ತಾ?" ಎಂದು ಕನಿಕರದಿಂದ ಎಡಗೈ ಕುಲುಕಿದ. ಮೂಸಿದರೆ ಅದೂ ಸೊಗಡು! ಈಗ ಎರಡು ಕೈಯೂ ಮುಗಿದಿದ್ದವು, ಮನೆಗಳು ಇನ್ನೂ ಬೇಕಾದಷ್ಟಿದ್ದವು. ಮುಂದಿನ ಮನೆಯಲ್ಲಿ ಕರ್ಚೀಫು ಸುತ್ತಿಕೊಂಡು ಕುಲುಕಿದ. ಅದರ ಮುಂದಿನ ಮನೆಯವನು ಅಪ್ಪಿಕೊಂಡೇ ಬಿಟ್ಟಿದ್ದರಿಂದ ನಟರಾಜು ಅವನ ಕೈಗಳನ್ನು ತನ್ನ ಅಂಗಿಯ ಬೆನ್ನಿಗೆ ಒತ್ತಿಸಿಕೊಂಡ. ಆಮೇಲೆ ಮೊಗಸಾಲೆಯಲ್ಲಿ ನಿಂತು ಬೆನ್ನನ್ನು ಮೂಸಲು ಕತ್ತು ತಿರುಗಿಸಿ ತಿರುಗಿಸಿ ಸೋತ.

ವೆಂಕಟಲಕ್ಷ್ಮಮ್ಮನ ಮನೆಯಲ್ಲಿ ಇನ್ನೂ ಕಷ್ಟವಾಯಿತು. ಹಿರಿಯ ಹೆಂಗಸಿನ ಕೈ ಕುಲುಕುವುದು ಹೇಗೆ? ದೊಪ್ಪನೆ ಕಾಲಿಗೆ ಬಿದ್ದ.

"ಅಯ್ಯೋ ನನ್ನಪ್ಪನೇ, ಇದ್ಯಾನೋ ಇದು! ನೂರ್ಕಾಲ ಬಾಳು. ಗಂಡು ಮಗೀನೇ ಆಗ್ಲಿ" ಎಂದು ಆಕೆ ತಲೆಯ ಮೇಲೆ ಕೈಯಾಡಿಸಿದರು.

ತನ್ನ ತಲೆಯನ್ನು ತಾನೇ ಮೂಸುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ನಟರಾಜು ದಡದಡ ಕೆಳಗಿಳಿದು ಅಂಕಯ್ಯನ ಮುಂದೆ ತಲೆ ಬಗ್ಗಿಸಿದ. "ಮೂಸಯ್ಯಾ ಒಂದ್ಸಲ."

ಅಂಕಯ್ಯ ಸಂಕೋಚದಿಂದಲೇ ಮೂಸಿದ. "ಕೊಬ್ರಿ ಎಣ್ಣೆ ಸಾಮಿ."

"ಅದು ನಂದೇ. ಅದರ ಮೇಲೆ?"

"ಅದ್ರ ಮ್ಯಾಲೆ... ಅವರೆಕಾಯಿ."

ಒಬ್ಬ ಕಳ್ಳನನ್ನು ಹುಡುಕಲು ಹೊರಟರೆ ಇಡೀ ಕಟ್ಟಡವೇ ಕಳ್ಳರ ಗುಂಪಾಗಿತ್ತು! ಮೇಲಿಂದ ಸೌಮ್ಯಳ ಫೋನು ಮತ್ತೆ ಬಂತು. ಆ ಫೋನನ್ನು ಎತ್ತಿದ್ದರೆ ಈ ಕತೆ ಇಲ್ಲಿಗೇ ಮುಗಿದು ಅವನು ಸುಖವಾಗಿರುತ್ತಿದ್ದ. ಆದರೆ ಅವನು ಎತ್ತಲಿಲ್ಲ.

ಹೊತ್ತು ಇಳಿಯುವ ಸಮಯಕ್ಕೆ ಮುನಿಶಾಮಯ್ಯನವರು ಕನಕಪುರದಿಂದ ಬಂದರು. ಗೇಟು ದಾಟುವ ಮೊದಲೇ ನಟರಾಜು ಅವರ ಕೈ ಹಿಡಿದು ಮೂಗಿಗೇ ಒತ್ತಿಕೊಂಡ. ವೀಳ್ಯದೆಲೆ, ಸುಣ್ಣ, ನಾಮಕರಣದ ಲಾಡು. ಅವರೆಯ ಸುಳಿವಿಲ್ಲ.

"ಏನಾಯ್ತಯ್ಯಾ ನಿಂಗೆ?"

"ಯಜಮಾನ್ರೇ, ಈ ಬಿಲ್ಡಿಂಗಲ್ಲಿ ಕಳ್ಳರಲ್ಲದೋರು ಅಂದ್ರೆ ನಾವಿಬ್ರೇ!"

ಇಬ್ಬರೂ ಕೂಡಿ ಎರಡು ಬೀಗ ತೆಗೆದರು. ಖಾಲಿ ಕೋಣೆಯೊಳಗೆ ಹೋಗಿ ನಿಂತರು. ಮುನಿಶಾಮಯ್ಯನವರಿಗೆ ಇಂಥದ್ದೆಂದರೆ ಮದುವೆಯೂಟಕ್ಕಿಂತ ಇಷ್ಟ. ಹೊರಗೆ ಬಂದು ಜೋರಾಗಿ ಚಪ್ಪಾಳೆ ತಟ್ಟಿ, "ಎಲ್ರೂ ಬನ್ರಪ್ಪಾ ಈಚೆಗೆ!" ಎಂದು ಕೂಗಿದರು. ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಬಂದು ನಿಂತರು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ನಟರಾಜುವಿಗೆ ಮಧ್ಯಾಹ್ನದಿಂದ ಕಟ್ಟಿಕೊಂಡಿದ್ದ ದುಃಖವೆಲ್ಲ ಒಮ್ಮೆಲೇ ಮಾತಾಗಿ ಬಂತು.

"ನಗ್ತೀರಾ? ನಗಿ! ಬಸುರಿ ಹೆಂಗ್ಸಿನ ಬಾಯಿಂದ ಕಿತ್ಕೊಂಡು ತಿಂದ್ರಲ್ಲ, ದಕ್ಕುತ್ತಾ ನಿಮ್ಗೆ? ಅವರಮ್ಮ ಊರಿಂದ ಆಸೆಪಟ್ಟು ಕಳ್ಸಿದ್ದು ಕಣ್ರೀ ಅದು!"

"ನಟರಾಜಣ್ಣ, ಒಸಿ ಕೇಳಿ ಇಲ್ಲಿ..." ಎಂದು ಮೆಹಬೂಬ ಮುಂದೆ ಬಂದ.

"ನೀವು ಸುಮ್ನಿರಿ! ಮೊದಲು ಸಿಕ್ಕಿದ್ದೇ ನಿಮ್ ಕೈ!" ಎಂದವನು, ಕಾಂಪೌಂಡಿನಾಚೆ ಕೆಂಪು ಬಿಸಿಲಲ್ಲಿ ಕಾಣುತ್ತಿದ್ದ ಬೆಟ್ಟದ ಕಡೆ ತಿರುಗಿ ಕೈಯೆತ್ತಿಬಿಟ್ಟ. "ರೇವಣಸಿದ್ದೇಶ್ವರನಾಣೆಗೂ ಹೇಳ್ತೀನಿ. ಈ ಕಾಯಿ ತಗಂಡೋದ ಕಳ್ಳ ಯಾರೇ ಆಗ್ಲಿ, ಎಲ್ರ ಎದುರಿಗೆ ನಿಲ್ಲಿಸಿ 'ಇವ್ರೇ ಕಳ್ರು' ಅಂತ ಬೆರಳು ಮಾಡಿ ತೋರಿಸೋ ತನಕ ನಾನು ಅವರೆಕಾಯಿ ಬಾಯಿಗಿಡಲ್ಲ!"

ಮೆಟ್ಟಿಲ ಮೇಲೆ ಒಮ್ಮೆಲೇ ನಗು ನಿಂತಿತು. ವೆಂಕಟಲಕ್ಷ್ಮಮ್ಮ ಕೆನ್ನೆ ಬಡಿದುಕೊಂಡು, "ಬ್ಯಾಡ ಕಣಪ್ಪಾ, ಹಂಗನ್ಬ್ಯಾಡ" ಎಂದರು.

"ಅಂದಾಯ್ತಲ್ಲ ಬುಡು" ಎಂದರು ಮುನಿಶಾಮಯ್ಯ ತೃಪ್ತಿಯಿಂದ. "ಬೆಟ್ಟದ ಕಡೆ ಮಖ ಮಾಡಿ ಇಟ್ಟ ಆಣೆ ತಪ್ಪಂಗಿಲ್ಲ. ನಾನೇ ಸಾಕ್ಷಿ."

ಆಗ ಮೇಲಿನ ಅಂತಸ್ತಿನಿಂದ ಸೌಮ್ಯಳ ದನಿ ಬಂತು. "ರೀ, ಅಲ್ಲೇನ್ ಮಾಡ್ತಾ ಇದೀರಾ? ಅಷ್ಟು ಸಲ ಫೋನ್ ಮಾಡುದ್ರೂ ಎತ್ತಕ್ಕಾಗಲ್ವಾ? ಬನ್ನಿ ಮೇಲಕ್ಕೆ, ಅವ್ವ ಬಂದೈತೆ!"

ನಟರಾಜು ಮೆಟ್ಟಿಲು ಹತ್ತಿದನೋ, ಜನ ಅವನನ್ನು ಹತ್ತಿಸಿದರೋ, ಅವನಿಗೇ ತಿಳಿಯಲಿಲ್ಲ. ಮೇಲೆ ಅವನ ಮನೆಯ ಮುಂದಿನ ತಾರಸಿಯಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಮದುವೆಮನೆಯಂಥ ಪಾತ್ರೆಯಿಟ್ಟು, ಕೆಂಚಮ್ಮ ಸೆರಗು ಸಿಕ್ಕಿಸಿ ಸೌಟಾಡಿಸುತ್ತಿದ್ದರು. ಪಾತ್ರೆಯಲ್ಲಿ ಹಿದುಕಿದ ಬೇಳೆ ಸಾರು ಕೊತಕೊತ ಕುದಿಯುತ್ತಿತ್ತು. ಮೂಲೆಯಲ್ಲಿ ಅವರೆ ಸಿಪ್ಪೆಯ ಗುಡ್ಡ, ಅದರ ಮೇಲೆ ಮಡಿಸಿಟ್ಟ ಗೋಣಿಚೀಲ.

"ಬನ್ನಿ ಅಳಿಯಂದ್ರೇ, ಕೈಕಾಲ್ ತೊಳ್ಕಳಿ" ಎಂದರು ಕೆಂಚಮ್ಮ. "ನೀವು ಫೋನ್ ಮಡಗಿದ್ದೇ ತಡ, ಹಸ ಈದ್ಬುಡ್ತು. ಹೆಣ್ಗರ. ಇನ್ಯಾಕಿರಾನ ಅಂತ ಹಿಂದ್ಲ ಬಸ್ಸಿಗೇ ಬಂದ್ಬುಟ್ಟೆ. ಬಂದು ನೋಡುದ್ರೆ ನನ್ ಅವರೆಕಾಯ್ನ ಜೈಲ್ಗಾಕಿವ್ರೆ! ಕೀಲಿಕೈ ಕೇಳುದ್ರೆ ಒಂದು ಕನಕಪುರಕ್ಕೋಗೈತಂತೆ, ಒಂದು ಬಿಡದಿಗೋಗೈತಂತೆ. ಮೂಟೇಲಿ ಕಟ್ಟಾಕಿ ಮಡಗುದ್ರೆ ಕಾಯಿ ಬೆವರಿ ಕೆಟ್ಟೋಯ್ತದೆ, ಕಾಯಕ್ಕಾಯ್ತದಾ? ಕಿಟ್ಕೀಲಿ ಕೈ ತೂರ್ಸಿ, ಮೂಟೆ ಹೊಲಿಗೆ ಕೊಯ್ದು, ಹಾಲು ಕರ್ದಂಗೆ ಹಿಡಿ ಹಿಡಿಯಾಗಿ ಎಳ್ಕಂಡೊ. ಕೊನೇಗೆ ಚೀಲಾನೂವೆ. ಈ ನಮ್ಮವ್ವದೀರೆಲ್ಲ ಕೈ ಹಾಕುದ್ರು. ಸುಲಿಯಾಕೆ ಬಂದೋರ್ನ ಉಣ್ಣಿಸ್ದೆ ಕಳ್ಸಕಾದದಾ? ಹಿದುಕಾಕೆ ಗಂಡುಸ್ರನ್ನೂ ಕುಂಡ್ರುಸ್ದೊ. ಅಳಿಯಂದ್ರಿಗೆ ಮಾತ್ರ ಯಾರೂ ಯೋಳ್ಬ್ಯಾಡಿ, ಉಣ್ಣಾಕ್ ಕುಂತ್ಮೇಲೇ ಗೊತ್ತಾಗ್ಲಿ ಅಂತ ನಾನೇ ಅಂದಿದ್ದೆ."

ಸೌಮ್ಯ ಚಾಪೆಯ ಮೇಲೆ ಕೂತು ಆಗಲೇ ಒಂದು ಬಟ್ಟಲು ಮುಗಿಸಿದ್ದಳು. ಅವಳ ಹಣೆಯಲ್ಲಿ ಬೆವರು, ತುಟಿಯಲ್ಲಿ ಸಾರು, ಮುಖದ ತುಂಬ ಬೆಳಕು. ಅದನ್ನು ನೋಡಿ ನಟರಾಜುವಿಗೆ ನಿಜವಾಗಿಯೂ ಸಂತೋಷವಾಯಿತು. ಇಡೀ ದಿನ ಇದಕ್ಕಾಗಿಯೇ ತಾನೇ ಒದ್ದಾಡಿದ್ದು ಎಂದುಕೊಂಡ. ಎಲ್ಲರೂ ಸಾಲಾಗಿ ಕೂತರು. ಮೆಹಬೂಬ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಕೆಂಚಮ್ಮ ಬಿಸಿ ಮುದ್ದೆಯನ್ನು ತಟ್ಟೆಗಿಟ್ಟು, ಗುಳಿ ಮಾಡಿ, ಸಾರಿನ ಸೌಟೆತ್ತಿದರು.

"ತಡ್ಯವ್ವಾ!" ಎಂದರು ಮುನಿಶಾಮಯ್ಯ.

ಸೌಟು ಅಲ್ಲೇ ನಿಂತಿತು.

"ಆಣೆ ಐತೆ. ಕಳ್ಳ ಯಾರು ಅಂತ ಬೆರಳು ಮಾಡಿ ತೋರ್ಸೋಗಂಟ ಅವರೆಕಾಯಿ ಬಾಯ್ಗಿಡಲ್ಲ ಅಂತ ಬೆಟ್ಟದ ಕಡೆ ಕೈ ಎತ್ಬುಟ್ಟವ್ನೆ."

ಕೆಳಗಿನ ಗಲಾಟೆ ಏನೂ ಕೇಳಿಸಿರದ ಕೆಂಚಮ್ಮ ಕಣ್ಣರಳಿಸಿದರು. "ಕಳ್ಳ ಬಂದಿದ್ನಾ? ಶಿವ್ನೇ! ಸಿಕ್ಕುದ್ನಾ ಅಳಿಯಂದ್ರೇ? ಯಾವೋನವನು?"

ಎಲ್ಲರೂ ನಟರಾಜುವಿನ ಬೆರಳನ್ನೇ ನೋಡುತ್ತಿದ್ದರು. ಸೌಮ್ಯ ಕೂಡ ಕೈಯಲ್ಲಿದ್ದ ತುತ್ತು ಕೈಯಲ್ಲೇ ಹಿಡಿದು ಗಂಡನನ್ನು ನೋಡಿದಳು. ಆ ನೋಟದಲ್ಲಿ, ನಮ್ಮವ್ವನ ಕಡೆ ಆ ಬೆರಳು ತಿರುಗಲಿ ನೋಡೋಣ ಎಂಬುದು ಸ್ಪಷ್ಟವಾಗಿತ್ತು. ಸೌಟಿನಿಂದ ಒಂದು ಬೇಳೆ ಜಾರಿ ಮುದ್ದೆಯ ಅಂಚಿಗೆ ಬೀಳುವುದರಲ್ಲಿತ್ತು. ಆ ಘಮಕ್ಕೆ ನಟರಾಜುವಿನ ಹೊಟ್ಟೆ ಜೋರಾಗಿಯೇ ಕೂಗಿತು.

"ಇಲ್ಲ ಅತ್ತೆ" ಎಂದ ಅವನು. "ಕಳ್ಳ ಸಿಕ್ಕಿಲ್ಲ."

"ಅಂಗಾದ್ರೆ ಸಿಗೋಗಂಟ ಸೆಕ್ರೆಟ್ರಿ ಕೆಲ್ಸ ನಿಂದೇ ಕಣಯ್ಯಾ" ಎಂದು ಮುನಿಶಾಮಯ್ಯನವರು ತಮ್ಮ ತಟ್ಟೆಯನ್ನು ಸೌಟಿನ ಕೆಳಗೆ ಸರಿಸಿದರು.

ಕೆಂಚಮ್ಮನಿಗೆ ಅಳಿಯನ ಮೇಲೆ ಅಕ್ಕರೆ ಉಕ್ಕಿತು. ದೇವರ ಆಣೆಗೆ ಇಷ್ಟು ಹೆದರುವ ಗಂಡಸು ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆಂದು ಸುತ್ತಲಿನವರಿಗೆಲ್ಲ ಹೇಳಿದರು. ತಾವೇ ಎದ್ದು ಹೋಗಿ, ಬಿಸಿಬಿಸಿ ರಾಗಿಗಂಜಿ ಕಾಯಿಸಿ, ಉಪ್ಪು ಮಜ್ಜಿಗೆ ಬೆರೆಸಿ ತಂದು ಅವನ ಮುಂದಿಟ್ಟರು. ಸುತ್ತ ಇಡೀ ಅಪಾರ್ಟ್‌ಮೆಂಟು ಸೊರ್ರೆಂದು ಸಾರು ಹೀರುತ್ತಿತ್ತು. ಅಂಕಯ್ಯ ಎರಡನೆಯ ಮುದ್ದೆಗೆ ಕೈ ಹಾಕಿದ್ದ.

"ಬೇಜಾರ್ ಮಾಡ್ಕಬ್ಯಾಡಿ ಅಳಿಯಂದ್ರೇ" ಎಂದರು ಕೆಂಚಮ್ಮ, ಅವನ ಬೆನ್ನು ಸವರುತ್ತ. "ಹಸ ಕರಾನೆಲ್ಲ ನಮ್ಮನೆಯೋರು ನೋಡ್ಕತಾರೆ. ಅವರೆಕಾಯಿ ಕಾಲ ಮುಗಿಯೋಗಂಟ ನಾನು ಇಲ್ಲೇ ಇದ್ದು, ಮಗ್ಳಿಗೆ ದಿನಾ ಒಂದೊಂದ್ ತರ ಮಾಡಾಕ್ತೀನಿ. ನಾಳೀಕೆ ಅವರೆಕಾಳು ಉಪ್ಪಿಟ್ಟು, ನಾಳಿದ್ಕೆ ಅವರೆ ರೊಟ್ಟಿ."

"ಇರಿ ಅತ್ತೆ, ನಿಮ್ದೇ ಮನೆ" ಎಂದು ನಟರಾಜು ಗಂಜಿಯ ಲೋಟ ಎತ್ತಿಕೊಂಡ.